ದೈವಪ್ರೇಮದ ಅಚಲತೆ: ಕ್ರೈಸ್ತ ಸಿದ್ಧಾಂತ ಮತ್ತು ಪುಣೆಯ ಪರಂಪರೆ

ದೇವರು ಮನುಷ್ಯರ ಮೇಲಿಟ್ಟಿರುವ ಪ್ರೀತಿ ಅವರ ಹುಟ್ಟು, ನಡತೆ, ಕಾಲಗತಿಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುವುದಿಲ್ಲ ಎಂಬುದು ಕ್ರೈಸ್ತ ನಂಬಿಕೆ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರಾಟೆಸ್ಟಂಟ್ ಪರಂಪರೆಗಳು ಮೂರೂ ಇದನ್ನು ಒಪ್ಪುತ್ತವೆ. ಜಗಳವಿರುವುದು ‘ಬದಲಾಗದ’ ಎನ್ನುವುದನ್ನು ಹೇಗೆ ತಿಳಿಯಬೇಕು ಎಂಬಲ್ಲಿ. ಪ್ರೀತಿಸುವವರು ಪ್ರೀತಿಪಾತ್ರರ ಸುಖದುಃಖಕ್ಕೆ ಮಿಡಿಯುತ್ತಾರೆ, ಮಿಡಿದರೆ ಒಳಗೆ ಏನೋ ಬದಲಾದಂತೆಯೇ. ಹಾಗಿದ್ದಮೇಲೆ ಬದಲಾವಣೆಯೇ ಇಲ್ಲದ ದೇವರು ಪ್ರೀತಿಸುವುದು ಹೇಗೆ? ಸುಮಾರು ಎರಡು ಸಾವಿರ ವರ್ಷಗಳ ಕ್ರೈಸ್ತ ಚಿಂತನೆ ಈ ತೊಡಕಿನ ಸುತ್ತ ಸುತ್ತುತ್ತ ಬಂದಿದೆ.

ಭಾರತದಲ್ಲಿ ಈ ಪ್ರಶ್ನೆಗೆ ಸ್ವಂತ ಉತ್ತರಗಳು ಹುಟ್ಟಿದ ಊರುಗಳಲ್ಲಿ ಪುಣೆ ಮುಖ್ಯವಾದುದು. ಕಾರ್ಕಳ ಸೀಮೆಯ ಮನೆತನದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಕಾಶಿಯ ಪಂಡಿತ ನೆಹೆಮಿಯಾ ಗೋರೆ, ಶಂಕರಾಚಾರ್ಯರನ್ನು ಓದಿದ ಸ್ಕಾಟ್ಲೆಂಡಿನ ಸನ್ಯಾಸಿನಿ ಸಾರಾ ಗ್ರಾಂಟ್, ಬೈಬಲ್ ವಿದ್ವಾಂಸ ಜಾರ್ಜ್ ಸೋರೆಸ್-ಪ್ರಭು ಇವರೆಲ್ಲರೂ ಈ ನಗರದಲ್ಲಿ ಒಂದಿಷ್ಟು ಕಾಲ ಕಳೆದಿದ್ದಾರೆ. ಯುರೋಪಿನ ಪಂಡಿತರು ದೇವರ ಸ್ವಭಾವದಿಂದ ಚರ್ಚೆ ಆರಂಭಿಸಿದರೆ ಪುಣೆಯವರು ಹೆಚ್ಚಾಗಿ ಇನ್ನೊಂದು ತುದಿಯಿಂದ ಹೊರಟರು: ಆ ಪ್ರೀತಿ ಯಾರನ್ನು ಮುಟ್ಟುತ್ತದೆ, ಯಾರ ಬಾಗಿಲಲ್ಲಿ ನಿಂತುಬಿಡುತ್ತದೆ?

ಬೈಬಲಿನ ನೆಲೆ

ಹಳೆಯ ಒಡಂಬಡಿಕೆಯಲ್ಲಿ ದೇವರ ಪ್ರೀತಿ ಮೊದಲು ಕಾಣಿಸುವುದು ಒಪ್ಪಂದದ ರೂಪದಲ್ಲಿ, ಇಸ್ರಾಯೇಲ್ ಜನಾಂಗಕ್ಕೆ ಕೊಟ್ಟ ಮಾತಿನ ನಿಷ್ಠೆಯಾಗಿ. 136ನೆಯ ಕೀರ್ತನೆಯ 26 ವಚನಗಳಲ್ಲೂ ಈ ಕೃಪೆ ಶಾಶ್ವತವೆಂಬ ಪಲ್ಲವಿ ಮರಳಿ ಮರಳಿ ಬರುತ್ತದೆ. ಕ್ರಿ.ಪೂ. 8ನೆಯ ಶತಮಾನದ ಪ್ರವಾದಿ ಹೋಶೇಯ ಬಿಟ್ಟುಹೋದ ಹೆಂಡತಿ ಗೋಮೆರಳನ್ನು ಹಣ ಕೊಟ್ಟು ಬಿಡಿಸಿ ಮನೆಗೆ ಕರೆತರುತ್ತಾನೆ. ಅವನ ಪುಸ್ತಕದಲ್ಲಿ ದೇವರು ಸಿಟ್ಟಿಗೇಳುತ್ತಾರೆ, ಶಿಕ್ಷಿಸುತ್ತೇನೆ ಎನ್ನುತ್ತಾರೆ, ಹನ್ನೊಂದನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ನಡೆಯಲು ಕಲಿಸಿದ ಮಗುವನ್ನು ಕೈಬಿಡಲಾರದೆ ಕರಗುತ್ತಾರೆ. ಜೆರೂಸಲೇಮ್ ನಗರ ನೆಲಸಮವಾದ ಮೇಲೆ ಹುಟ್ಟಿದ ಪ್ರಲಾಪಗಳ ಗ್ರಂಥ ಶೋಕದ ನಟ್ಟನಡುವೆ ನಿಂತು ದೇವರ ಕರುಣೆ ಬೆಳಗಾದಂತೆಲ್ಲ ಹೊಸದು ಎನ್ನುತ್ತದೆ. ಮಲಾಕಿಯನದು ಇನ್ನೂ ನೇರ ವಾದ: ದೇವರು ಬದಲಾಗದಿರುವುದರಿಂದಲೇ ಯಾಕೋಬನ ವಂಶ ಇನ್ನೂ ಉಳಿದಿದೆ.

ಇದರ ಜೊತೆಗೆ ದೇವರು ಮನಸ್ಸು ಬದಲಾಯಿಸಿದ ಕಥೆಗಳೂ ಬೈಬಲಿನಲ್ಲಿ ಬೇಕಾದಷ್ಟಿವೆ. ನಿನೆವೆ ಪಟ್ಟಣವನ್ನು ನಾಶಮಾಡುವ ಮಾತು ಜನರ ಪಶ್ಚಾತ್ತಾಪ ಕಂಡು ಹಿಂದಕ್ಕೆ ಹೋಗುತ್ತದೆ. ಸಮುವೇಲನ ಮೊದಲ ಪುಸ್ತಕದ 15ನೆಯ ಅಧ್ಯಾಯವಂತೂ ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಪರಿತಪಿಸಿದರು ಎಂದೂ ದೇವರು ಮನುಷ್ಯರಂತೆ ಪರಿತಪಿಸುವವರಲ್ಲ ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಸಂಪಾದಕರು ಎರಡನ್ನೂ ಉಳಿಸಿಕೊಂಡರು. ಮುಂದೆ ಬಂದ ವ್ಯಾಖ್ಯಾನಕಾರರಿಗೆ ಅಷ್ಟು ಧೈರ್ಯವಿರಲಿಲ್ಲ, ಒಂದನ್ನು ಅಕ್ಷರಾರ್ಥದಲ್ಲೂ ಇನ್ನೊಂದನ್ನು ರೂಪಕವಾಗಿಯೂ ಓದತೊಡಗಿದರು.

ಹೊಸ ಒಡಂಬಡಿಕೆ ಈ ನಿಷ್ಠೆಯನ್ನು ಯೇಸುವಿನ ವ್ಯಕ್ತಿತ್ವದಲ್ಲಿ ಕಾಣುತ್ತದೆ. ಆಸ್ತಿ ಹಾಳುಮಾಡಿ ಬಂದ ಕಿರಿಮಗನತ್ತ ತಂದೆಯೇ ಓಡುವ ಲೂಕನ ಸುವಾರ್ತೆಯ ಸಾಮತಿ, ಸಾವಾಗಲಿ ಬದುಕಾಗಲಿ ಈ ಪ್ರೀತಿಯಿಂದ ನಮ್ಮನ್ನು ಬೇರ್ಪಡಿಸಲಾರವು ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ, ದೇವರೆಂದರೆ ಪ್ರೀತಿಯೇ ಎನ್ನುವ ಯೋಹಾನನ ಮೊದಲ ಪತ್ರ ಇವು ಆಧಾರಸ್ತಂಭಗಳು. ಪುಣೆಯ ಕಥೆಗೆ ಎಲ್ಲಕ್ಕಿಂತ ಮುಖ್ಯವಾದುದು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದ ಹೆಂಗಸೊಬ್ಬಳು ನಡುಮಧ್ಯಾಹ್ನ ಬಾವಿಗೆ ಬಂದಾಗ ಯೇಸು ಅವಳ ಹತ್ತಿರ ನೀರು ಕೇಳುತ್ತಾನೆ. ಆಕೆಗೆ ಐವರು ಗಂಡಂದಿರಾಗಿದ್ದು ಈಗಿರುವವನು ಗಂಡನಲ್ಲ ಎಂಬುದು ಅವನಿಗೆ ಗೊತ್ತು. ಗೊತ್ತಿದ್ದೂ ಮಾತು ಮುಂದುವರಿಯುತ್ತದೆ.

ತತ್ವಶಾಸ್ತ್ರದ ತಿರುವು

ಕ್ರೈಸ್ತ ಧರ್ಮ ಗ್ರೀಕ್ ಜಗತ್ತಿಗೆ ಕಾಲಿಟ್ಟಾಗ ಪರಿಪೂರ್ಣವಾದದ್ದು ಬದಲಾಗದು ಎಂಬ ಪ್ಲೇಟೋ, ಅರಿಸ್ಟಾಟಲರ ತರ್ಕ ಅದಕ್ಕೆ ಎದುರಾಯಿತು. ಬದಲಾದರೆ ಮೇಲಕ್ಕೋ ಕೆಳಕ್ಕೋ ಹೋಗಬೇಕು, ದೇವರಿಗೆ ಎರಡೂ ಸಲ್ಲದು. ಅರಿಸ್ಟಾಟಲನ ಅಚಲ ಚಾಲಕ ಜಗತ್ತನ್ನು ಆಕರ್ಷಿಸುತ್ತಾನೆ, ತಾನು ಜಗತ್ತನ್ನು ಪ್ರೀತಿಸುವುದಿಲ್ಲ. ಚರ್ಚಿನ ಪಿತೃಗಳು ಈ ದೇವರ ಅಚಲತೆಯನ್ನು ತೆಗೆದುಕೊಂಡು ಉದಾಸೀನವನ್ನು ಕೈಬಿಟ್ಟರು. ಕ್ರಿ.ಶ. 553ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನ ತ್ರಿತ್ವದಲ್ಲಿ ಒಬ್ಬರು ಶರೀರದಲ್ಲಿ ಯಾತನೆಪಟ್ಟರು ಎಂಬ ಸೂತ್ರವನ್ನು ಒಪ್ಪಿತು. ದೈವಸ್ವಭಾವ ನೋಯದೆ ಉಳಿಯಿತು, ನೋವು ಮಾತ್ರ ದೇವರದೇ ಆಯಿತು. ಅಚಲತೆಯನ್ನು 1215ರ ನಾಲ್ಕನೆಯ ಲ್ಯಾಟರನ್ ಸಮ್ಮೇಳನ, 1870ರ ಮೊದಲ ವ್ಯಾಟಿಕನ್ ಸಮ್ಮೇಳನಗಳು ಅಧಿಕೃತ ಬೋಧನೆಯಾಗಿ ಸಾರಿದವು.

ಕ್ಯಾಂಟರ್ಬರಿಯ ಆನ್ಸೆಲ್ಮ್ 11ನೆಯ ಶತಮಾನದಲ್ಲಿ ಕೊಟ್ಟ ಪರಿಹಾರ ಸ್ವಲ್ಪ ಒಣಕಲು: ದೇವರ ಕರುಣೆಯ ಫಲ ನಮ್ಮ ಅನುಭವಕ್ಕೆ ಬರುತ್ತದೆ, ದೇವರಿಗೆ ಮರುಕದ ಅನುಭವವಾಗುವುದಿಲ್ಲ. ಥಾಮಸ್ ಅಕ್ವಿನಾಸ್ (1225–1274) ಇನ್ನೂ ಆಳಕ್ಕೆ ಇಳಿದರು. ಮನುಷ್ಯರ ಪ್ರೀತಿ ಎದುರಿನವರಲ್ಲಿ ಕಂಡ ಒಳ್ಳೆಯತನದಿಂದ ಏಳುತ್ತದೆ, ಆ ಒಳ್ಳೆಯತನ ಕರಗಿದರೆ ಪ್ರೀತಿಯೂ ಸೊರಗುತ್ತದೆ. ದೇವರ ಪ್ರೀತಿ ವಸ್ತುವಿನಲ್ಲಿ ಒಳ್ಳೆಯತನವನ್ನು ಹುಟ್ಟಿಸುವಂಥದು, ಆದ್ದರಿಂದ ಅದು ಕುಗ್ಗಲು ಹೊರಗಿನ ಕಾರಣವೇ ಇಲ್ಲ. ದೇವರಿಗೂ ಸೃಷ್ಟಿಗೂ ಇರುವ ಸಂಬಂಧವನ್ನು ವಿವರಿಸಲು ಅವರು ಕಂಬದ ದೃಷ್ಟಾಂತ ಕೊಟ್ಟರು. ಪ್ರಾಣಿಯೊಂದು ಸುತ್ತ ನಡೆದಾಡಿದರೆ ಕಂಬ ಒಮ್ಮೆ ಅದರ ಬಲಕ್ಕೆ, ಒಮ್ಮೆ ಎಡಕ್ಕೆ ಬರುತ್ತದೆ, ಕಂಬ ಮಾತ್ರ ಕದಲಿಲ್ಲ. ಪಾಪಿಯ ಪಾಲಿಗೆ ಕೋಪವೆಂದು ತೋರಿದ್ದು ಪಶ್ಚಾತ್ತಾಪಪಟ್ಟವನಿಗೆ ಕೃಪೆಯೆಂದು ತೋರಿದರೆ ಸರಿದವನು ಮನುಷ್ಯ. ಉಪಮೆ ನಿಖರವಾಗಿದೆ, ಆದರೆ ಕಂಬವನ್ನು ತಬ್ಬಿ ಅತ್ತವರಿಗೆ ಅದು ಎಷ್ಟು ಸಮಾಧಾನ ಕೊಟ್ಟೀತು ಎಂಬ ಅನುಮಾನ ಉಳಿಯುತ್ತದೆ.

ಮಾರ್ಟಿನ್ ಲೂಥರ್ 1518ರ ಹೈಡೆಲ್‌ಬರ್ಗ್ ವಾದದಲ್ಲಿ ಬಹುಮಟ್ಟಿಗೆ ಇದೇ ನೆಲೆಗೆ ಬಂದರು: ದೇವರ ಪ್ರೀತಿ ತನಗೆ ಮೆಚ್ಚಾದುದನ್ನು ಹುಡುಕಿಕೊಂಡು ಹೋಗುವುದಿಲ್ಲ, ಸೃಷ್ಟಿಸಿಕೊಳ್ಳುತ್ತದೆ. ಆಮೇಲಿನ ಪ್ರಾಟೆಸ್ಟಂಟ್ ವಾದವಿವಾದ ಈ ಪ್ರೀತಿ ಎಲ್ಲರಿಗೋ ಆಯ್ಕೆಯಾದವರಿಗೋ ಎಂಬುದರ ಮೇಲೆ ನಡೆಯಿತು. ಕ್ಯಾಲ್ವಿನ್ ಪಂಥದವರು 1618–19ರ ಡೋರ್ಟ್ ಸಭೆಯಲ್ಲಿ ಎರಡನೆಯದನ್ನು ಹಿಡಿದರು, 18ನೆಯ ಶತಮಾನದಲ್ಲಿ ಜಾನ್ ವೆಸ್ಲಿ ಅದನ್ನು ಕಟುವಾಗಿ ಎದುರಿಸಿದರು.

20ನೆಯ ಶತಮಾನದ ಯುದ್ಧಗಳ ನಂತರ ನೋಯದ ದೇವರು ಅನೇಕರಿಗೆ ಸಹಿಸಲಾಗದ ದೇವರಾದರು. ಜಪಾನಿನ ಕಜೋ ಕಿತಾಮೊರಿ 1946ರಲ್ಲಿ ದೇವರ ವೇದನೆಯನ್ನೇ ದೈವಶಾಸ್ತ್ರದ ಕೇಂದ್ರಕ್ಕೆ ತಂದರು. ಯುದ್ಧಕೈದಿಯಾಗಿದ್ದ ಜರ್ಮನಿಯ ಯೂರ್ಗನ್ ಮೋಲ್ಟ್‌ಮನ್ 1972ರಲ್ಲಿ ‘ಶಿಲುಬೆಗೇರಿದ ದೇವರು’ ಎಂಬ ಅರ್ಥದ ಹೆಸರಿನ ಗ್ರಂಥ ಬರೆದು, ಯಾತನೆಪಡಲಾರದ ದೇವರು ಪ್ರೀತಿಸಲೂ ಆರರು ಎಂದು ವಾದಿಸಿದರು. ಇವರ ಪ್ರಕಾರ ಅಚಲವಾದುದು ದೇವರ ನಿಷ್ಠೆ, ದೇವರ ಭಾವವಲ್ಲ. ಹೋಶೇಯನಿಗೆ ಹೆಚ್ಚು ಹತ್ತಿರವಿರುವವರು ಇವರೇ ಎಂದು ಈ ಲೇಖಕನಿಗೆ ತೋರುತ್ತದೆ.

ಮಾಳದಿಂದ ಪುಣೆಗೆ: ಪಂಡಿತಾ ರಮಾಬಾಯಿ

ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಬ್ರಾಹ್ಮಣ ಅನಂತಶಾಸ್ತ್ರಿ ಡೋಂಗ್ರೆ ಯೌವನದಲ್ಲಿ ಓದಲೆಂದು ಪುಣೆಗೆ ಹೋದರು. ಅಲ್ಲಿ ತಮ್ಮ ಗುರು ರಾಮಚಂದ್ರಶಾಸ್ತ್ರಿ ಸಾಠೆ ಪೇಶ್ವೆ ಎರಡನೆಯ ಬಾಜಿರಾಯನ ಪತ್ನಿಗೆ ಸಂಸ್ಕೃತ ಕಲಿಸುವುದನ್ನು ಕಂಡು, ತಾವೂ ಹೆಂಡತಿಗೆ ಕಲಿಸಬೇಕೆಂದು ನಿಶ್ಚಯಿಸಿದರು. ಊರಿನವರು ಒಪ್ಪಲಿಲ್ಲ. ಉಡುಪಿಯ ಪಂಡಿತಸಭೆಯ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರೋಧವಲ್ಲವೆಂದು ಸಮರ್ಥಿಸಿಕೊಳ್ಳಬೇಕಾಯಿತು. ಕೊನೆಗೆ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲೇ. ತಾಯಿ ಲಕ್ಷ್ಮೀಬಾಯಿಯೇ ಅವರಿಗೆ ಸಂಸ್ಕೃತ ಹೇಳಿಕೊಟ್ಟರು. ಕುಟುಂಬ ಪುರಾಣ ಓದುತ್ತ ತೀರ್ಥಕ್ಷೇತ್ರಗಳನ್ನು ಅಲೆಯಿತು. ಈ ಅಲೆದಾಟದಲ್ಲೇ ಅಲ್ಪಸ್ವಲ್ಪ ಕನ್ನಡವೂ ಬಂತೆಂದು ಅವರು ಬರೆದಿದ್ದಾರೆ. 1870ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು.

ಅಣ್ಣನೊಂದಿಗೆ 1878ರಲ್ಲಿ ಕಲ್ಕತ್ತೆ ಸೇರಿದ ರಮಾಬಾಯಿಗೆ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಧರ್ಮಶಾಸ್ತ್ರಗಳನ್ನು ಓದುತ್ತ ಹೋದಂತೆ ಅವರ ಕಣ್ಣಿಗೆ ಬಿದ್ದದ್ದು ಒಂದು ಒಮ್ಮತ: ಗ್ರಂಥಗಳು ಬೇರೆಲ್ಲ ವಿಷಯದಲ್ಲಿ ಜಗಳವಾಡಿದರೂ ಹೆಂಗಸಿನ ಸ್ವಭಾವ ಕೆಟ್ಟದ್ದು, ಗಂಡಸಿನಂತೆ ಮೋಕ್ಷ ಅವಳಿಗಿಲ್ಲ ಎಂಬಲ್ಲಿ ಒಂದಾಗುತ್ತವೆ. ಅಣ್ಣ ತೀರಿಕೊಂಡ ಮೇಲೆ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿ ಮೀರಿ ಮದುವೆಯಾದರು. 1882ರಲ್ಲಿ ವಿಧವೆಯಾಗಿ, ಎಳೆಯ ಮಗಳು ಮನೋರಮೆಯನ್ನು ಕಟ್ಟಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದಾಗ ಇಳಿದುಕೊಂಡದ್ದು ವಾಂಟೇಜ್ ಊರಿನ ಸನ್ಯಾಸಿನಿಯರ ಮಠದಲ್ಲಿ. ಈ ಸಂಘದವರು 1877ರಿಂದಲೇ ಪುಣೆಯಲ್ಲಿದ್ದರು, ಪರಿಚಯ ಅಲ್ಲಿಯದು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ದಾರಿತಪ್ಪಿದವರೆಂದು ಸಮಾಜ ಹೊರಹಾಕಿದ ಹೆಂಗಸರಿಗಾಗಿ ಅವರು ನಡೆಸುತ್ತಿದ್ದ ಆಶ್ರಯಧಾಮಕ್ಕೆ ಅತಿಥಿಯನ್ನು ಕರೆದೊಯ್ದರು. ಒಂದು ಕಾಲಕ್ಕೆ ಬೀದಿಯಲ್ಲಿದ್ದವರು ಈಗ ಇತರ ರೋಗಿಗಳ ಆರೈಕೆಗೆ ನಿಂತಿರುವುದನ್ನು ಕಂಡು ರಮಾಬಾಯಿ ಬೆರಗಾದರು. ಶಾಸ್ತ್ರ ಇಂಥವರಿಗೆ ಶಿಕ್ಷೆ ಹೇಳಿದ್ದು ಅವರಿಗೆ ಗೊತ್ತಿತ್ತು, ಮರಳಿ ಎತ್ತಿ ನಿಲ್ಲಿಸುವ ಮಾತು ಎಲ್ಲೂ ಕಂಡಿರಲಿಲ್ಲ. ಇವರ ಮೇಲೆ ನಿಮಗೇಕೆ ಇಷ್ಟು ಅಕ್ಕರೆ ಎಂದು ಕೇಳಿದಾಗ ಸನ್ಯಾಸಿನಿಯೊಬ್ಬರು ಸಮಾರ್ಯದ ಹೆಂಗಸಿನ ಅಧ್ಯಾಯವನ್ನು ಓದಿ ಹೇಳಿದರು. ತಮ್ಮ ಮನಸ್ಸು ತಿರುಗಿದ್ದು ಅಲ್ಲಿ ಎಂದು ‘ಸಾಕ್ಷ್ಯ’ ಎಂಬ ತಮ್ಮ ಆತ್ಮಕಥನದಲ್ಲಿ (1907) ಅವರು ದಾಖಲಿಸಿದ್ದಾರೆ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಕಥೆ ಮುಗಿದಂತೆ ಹಲವು ಜೀವನಚರಿತ್ರೆಗಳು ಬರೆಯುತ್ತವೆ. ರಮಾಬಾಯಿಯವರ ಪ್ರಕಾರ ಹಾಗಲ್ಲ. ತ್ರಿತ್ವ, ಚರ್ಚಿನ ಅಧಿಕಾರ ಮೊದಲಾದ ವಿಷಯಗಳಲ್ಲಿ ಅವರು ತಮ್ಮ ದೀಕ್ಷಾಮಾತೆ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರಗಳಲ್ಲಿ ಪಟ್ಟುಹಿಡಿದು ವಾದಿಸಿದರು. ಎಂಟು ವರ್ಷಗಳ ಮೇಲೆ, 1891ರ ಸುಮಾರಿಗೆ, ಆಂಗ್ಲ ಪಾದ್ರಿ ಹ್ಯಾಸ್ಲಮರ ಆತ್ಮಕಥೆ ಓದುವಾಗ ತಮಗೆ ಕ್ರೈಸ್ತ ಧರ್ಮ ಸಿಕ್ಕಿದೆಯೇ ಹೊರತು ಕ್ರಿಸ್ತ ಸಿಕ್ಕಿಲ್ಲ ಎನಿಸಿತಂತೆ. ಯೋಗ್ಯತೆ ಗಳಿಸಿಕೊಂಡು ಪ್ರೀತಿಗೆ ಪಾತ್ರರಾಗುವ ಪ್ರಯತ್ನವನ್ನು ಅಲ್ಲಿಗೆ ಬಿಟ್ಟರು. ಈ ರಕ್ಷಣೆ ಯಾವ ಜಾತಿಗೂ ಯಾವ ಲಿಂಗಕ್ಕೂ ಮೀಸಲಲ್ಲ ಎಂಬುದು ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಹೆಣ್ಣಾದ ತಮಗೆ ಎಂಥ ಶುಭವಾರ್ತೆ ಎಂದು ಅವರು ಹಿಗ್ಗಿ ಬರೆದಿದ್ದಾರೆ. ಅಕ್ವಿನಾಸ್ ತರ್ಕದಿಂದ ತಲುಪಿದ ನೆಲೆ ಇದು: ಕಾರಣವಿಲ್ಲದೆ ಬಂದ ಪ್ರೀತಿ ಕಾರಣ ಕೊಟ್ಟು ಹೋಗುವುದಿಲ್ಲ.

ಈ ಮಧ್ಯೆ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತ್ತು. ಹುಡುಗಿಯರು ಕ್ರೈಸ್ತ ಪ್ರಾರ್ಥನೆಗೆ ಕೂರುತ್ತಾರೆಂಬ ಸುದ್ದಿ ಹರಡಿ ‘ಕೇಸರಿ’ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ಮಹಾದೇವ ಗೋವಿಂದ ರಾನಡೆ, ಆರ್.ಜಿ. ಭಂಡಾರಕರ್ ಸಲಹಾ ಮಂಡಳಿಯಿಂದ ಹೊರನಡೆದರು. ಇದನ್ನು ಸನಾತನಿಗಳ ಕೋಪ ಎಂದಷ್ಟೇ ತಳ್ಳಿಹಾಕುವುದು ಸರಿಯಲ್ಲ. ಷರತ್ತಿಲ್ಲದ ಪ್ರೀತಿಯನ್ನು ಸಾರುವ ಸಂಸ್ಥೆಯ ಆಶ್ರಯಕ್ಕೆ ಮತಾಂತರದ ಅಘೋಷಿತ ಷರತ್ತು ಇದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದು ಭಾರತದ ಮಿಷನ್ ಸಂಸ್ಥೆಗಳನ್ನು ಇಂದಿಗೂ ಬಿಟ್ಟಿಲ್ಲ.

1896–97ರ ಭೀಕರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ‘ಮುಕ್ತಿ’ ಎಂಬ ಆಶ್ರಯಧಾಮ ಬೆಳೆಯಿತು. ಒಂದೊಂದು ವಿಭಾಗಕ್ಕೂ ಒಂದೊಂದು ಹೆಸರು: ಸಮಾಜ ಪತಿತರೆಂದು ಕರೆದವರಿಗೆ ಕೃಪಾ ಸದನ, ಮುದುಕಿಯರಿಗೂ ಅಶಕ್ತರಿಗೂ ಪ್ರೀತಿ ಸದನ, ಕಣ್ಣಿಲ್ಲದವರಿಗೆ ಯೇಸು ದೃಷ್ಟಿ ಕೊಟ್ಟ ಬಾರ್ತಿಮಾಯನ ನೆನಪಿನ ಬಾರ್ತಿಮಿ ಸದನ. ಸುವಾರ್ತೆಯ ಪಾತ್ರಗಳೆಲ್ಲ ಮರಾಠಿ ಹೊಲಗಳ ನಡುವೆ ಮನೆ ಮಾಡಿದಂತಿತ್ತು. ಹೀಬ್ರೂ, ಗ್ರೀಕ್ ಕಲಿತ ರಮಾಬಾಯಿ ಬೈಬಲನ್ನು ಹಳ್ಳಿಯ ಹೆಂಗಸರಿಗೆ ಅರ್ಥವಾಗುವ ಮರಾಠಿಗೆ ತಂದರು. ಮೊಳೆ ಜೋಡಿಸುವುದು, ಅಚ್ಚು ಹಾಕುವುದು, ಹೊಲಿದು ಕಟ್ಟುವುದು ಎಲ್ಲವೂ ಮುಕ್ತಿಯ ಹೆಣ್ಣುಮಕ್ಕಳ ಕೈಕೆಲಸ. ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲೂ (ಈಗಿನ ಕಲಬುರಗಿ) ಮನೋರಮಾಬಾಯಿಯ ಹೊಣೆಯಲ್ಲಿ ಒಂದು ಕ್ರೈಸ್ತ ಶಾಲೆ ನಡೆಯಿತು. ಮಗಳು 1921ರಲ್ಲಿ, ತಾಯಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಅನುವಾದ ಅಷ್ಟರಲ್ಲಿ ಮುಗಿದಿತ್ತು.

ಪಂಚಹೌದ್, ಅಭಂಗ, ಆಶ್ರಮ

ಇಂಗ್ಲೆಂಡಿನಲ್ಲಿದ್ದ ರಮಾಬಾಯಿಯ ಸಂಶಯ ಪರಿಹರಿಸಿದವರಲ್ಲಿ ನೆಹೆಮಿಯಾ ಗೋರೆ (1825–1895) ಒಬ್ಬರು. 1848ರಲ್ಲಿ ಕ್ರೈಸ್ತರಾದ ಈ ಕಾಶಿ ಪಂಡಿತರು ನಂತರ ಪುಣೆಯ ಪಂಚಹೌದ್ ಮಿಷನ್ನಿನ ಆಂಗ್ಲಿಕನ್ ಸನ್ಯಾಸಿಗಳ ಜೊತೆಗಿದ್ದರು. ‘ಷಡ್ದರ್ಶನ ದರ್ಪಣ’ದಲ್ಲಿ ಅವರು ವೇದಾಂತದ ನಿರ್ವಿಕಾರ ಬ್ರಹ್ಮವನ್ನು ಟೀಕಿಸಿದರು, ಇನ್ನೊಂದೆಡೆ ನರಕದ ದಂಡನೆ ಶಾಶ್ವತ ಎಂಬ ಸಿದ್ಧಾಂತವನ್ನೂ ಬಿಗಿಯಾಗಿ ಸಮರ್ಥಿಸಿದರು. ಪ್ರೀತಿ ಎಂದೂ ಮಾಸದಿದ್ದರೆ ಮುಗಿಯದ ದಂಡನೆ ಎಲ್ಲಿಂದ ಬಂತು? 7ನೆಯ ಶತಮಾನದ ನಿನೆವೆಯ ಈಸಾಕ್, ನರಕದಲ್ಲಿರುವವರನ್ನು ಸುಡುವುದೂ ತಾವು ದ್ರೋಹ ಬಗೆದ ಅದೇ ಪ್ರೀತಿ ಎಂದು ಉತ್ತರಿಸಿದ್ದರು. ಪಶ್ಚಿಮದ ಪಾಠಗಳನ್ನೇ ಓದಿದ ಗೋರೆಯವರಿಗೆ ಆ ದಾರಿ ತೆರೆದಿರಲಿಲ್ಲ.

ಕವಿ ನಾರಾಯಣ ವಾಮನ ಟಿಳಕ್ (1861–1919) ಕಾರ್ಯಕ್ಷೇತ್ರ ಅಹಮದ್‌ನಗರ. ತುಕಾರಾಮನೆಂಬ ಸೇತುವೆ ದಾಟಿ ಕ್ರಿಸ್ತನ ಬಳಿಗೆ ಬಂದೆ ಎಂಬ ಅವರ ಮಾತು ಪ್ರಸಿದ್ಧ. ತುಕಾರಾಮನ ದೇಹು, ಜ್ಞಾನೇಶ್ವರರ ಆಳಂದಿ ಎರಡೂ ಪುಣೆಯ ಮಗ್ಗುಲಲ್ಲಿವೆ. ವಾರಕರಿಗಳು ವಿಠ್ಠಲನನ್ನು ತಾಯಿಯೆಂದು ಕರೆಯುವ ಸಲಿಗೆಯಲ್ಲೇ ಟಿಳಕ್ ಕ್ರಿಸ್ತನನ್ನು ತಾಯಿಯೆಂದು ಅಭಂಗ ಕಟ್ಟಿದರು. ಮರಾಠಿ ಚರ್ಚುಗಳಲ್ಲಿ ಅಚಲ ದೈವಪ್ರೇಮದ ಮಾತು ಕಂಬದ ತರ್ಕವಾಗಿ ಉಳಿಯದೆ ಹಾಡಾದದ್ದು ಅವರಿಂದ.

ಟಿಳಕರಿಂದ ಪ್ರೇರಿತರಾದ ಜ್ಯಾಕ್ ವಿನ್ಸ್‌ಲೋ 1922ರಲ್ಲಿ ಸ್ಥಾಪಿಸಿದ ಕ್ರಿಸ್ತ ಸೇವಾ ಸಂಘ ಐದಾರು ವರ್ಷಗಳಲ್ಲಿ ಪುಣೆಯ ಶಿವಾಜಿನಗರಕ್ಕೆ ಬಂತು. ಮುಂದೆ ಮಾನವಶಾಸ್ತ್ರಜ್ಞರಾಗಿ ಹೆಸರಾದ ವೆರಿಯರ್ ಎಲ್ವಿನ್ ಭಾರತಕ್ಕೆ ಬಂದದ್ದು ಈ ಸಂಘದ ಸದಸ್ಯರಾಗಿ. 1934ರ ನಂತರ ಅದು ಕ್ರಿಸ್ತ ಪ್ರೇಮ ಸೇವಾ ಸಂಘವಾಯಿತು. ಮುಚ್ಚಿದಂತಿದ್ದ ಆ ಆಶ್ರಮವನ್ನು 1970ರ ದಶಕದಲ್ಲಿ ಮತ್ತೆ ತೆರೆದವರು ಹೆಂಗಸರು: ವಂದನಾ ಮಾತಾಜಿ ಮೊದಲಾದ ಕ್ಯಾಥೊಲಿಕ್ ಸನ್ಯಾಸಿನಿಯರು ಮತ್ತು ರಮಾಬಾಯಿಗೆ ಆಶ್ರಯ ಕೊಟ್ಟ ಅದೇ ವಾಂಟೇಜ್ ಸಂಘದವರು.

ಈ ಆಶ್ರಮದಲ್ಲಿ ನೆಲೆಸಿದ ಸಾರಾ ಗ್ರಾಂಟ್ ಮೊದಲು ಮುಂಬಯಿಯ ಸೋಫಿಯಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ಶಂಕರಾಚಾರ್ಯರಲ್ಲಿ ಸಂಬಂಧದ ಕಲ್ಪನೆ ಅವರ ಸಂಶೋಧನೆಯ ವಿಷಯ. ಜಗತ್ತು ಬ್ರಹ್ಮವನ್ನು ಸಂಪೂರ್ಣವಾಗಿ ಅವಲಂಬಿಸಿದೆ, ಬ್ರಹ್ಮ ಅದರಿಂದ ವಿಕಾರಗೊಳ್ಳುವುದಿಲ್ಲ ಎಂಬ ಶಂಕರರ ನಿಲುವೂ ಅಕ್ವಿನಾಸರ ಕಂಬವೂ ಒಂದೇ ಒಳನೋಟದ ಎರಡು ಮುಖಗಳು ಎಂದು ಅವರು ತೋರಿಸಿದರು. 1989ರ ಕೇಂಬ್ರಿಜ್ ಉಪನ್ಯಾಸಗಳಲ್ಲಿ ತಮ್ಮನ್ನು ಅದ್ವೈತಿ ಕ್ರೈಸ್ತಳೆಂದೇ ಕರೆದುಕೊಂಡರು. ಗೋರೆ ಯಾವ ನಿರ್ವಿಕಾರತೆಯನ್ನು ಪ್ರೀತಿಯ ಅಭಾವವೆಂದು ತಳ್ಳಿದ್ದರೋ ಅದನ್ನು ಗ್ರಾಂಟ್ ಪ್ರೀತಿಯ ಪೂರ್ಣತೆಯೆಂದು ಓದಿದರು: ಯಾವ ಕೊರತೆಯೂ ಇಲ್ಲದ್ದು ಮಾತ್ರ ಏನನ್ನೂ ಬಯಸದೆ ಕೊಡಬಲ್ಲದು. ಶೃಂಗೇರಿಯ ನಾಡಿನ ಓದುಗರಿಗೆ ಈ ವಾದ ಅಪರಿಚಿತವೆನಿಸದು, ಉಡುಪಿಯ ದ್ವೈತಿಗಳು ಇದನ್ನು ಒಪ್ಪುವುದು ಮಾತ್ರ ಕಷ್ಟ.

ಗುರುಮಠಗಳು ಮತ್ತು ದಲಿತ ಪ್ರಶ್ನೆ

13ನೆಯ ಲಿಯೋ ಪೋಪ್ 1893ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಸ್ಥಾಪಿಸಿದ ಪೇಪಲ್ ಸೆಮಿನರಿ 1955ರಲ್ಲಿ ಪುಣೆಗೆ ಬಂತು. ಅದರ ವಿದ್ಯಾರ್ಥಿಗಳು ಓದುವ ಜ್ಞಾನದೀಪ ವಿದ್ಯಾಪೀಠ ಇಂದು ದೇಶದ ಪ್ರಮುಖ ಕ್ಯಾಥೊಲಿಕ್ ದೈವಶಾಸ್ತ್ರ ಕೇಂದ್ರ. ಪ್ರಾಟೆಸ್ಟಂಟರ ಯೂನಿಯನ್ ಬಿಬ್ಲಿಕಲ್ ಸೆಮಿನರಿ 1983ರಲ್ಲಿ ಯವತ್ಮಾಳದಿಂದ ಬಿಬ್ವೇವಾಡಿಗೆ ಸ್ಥಳಾಂತರವಾಯಿತು.

ಜ್ಞಾನದೀಪದಲ್ಲಿ ಪಾಠ ಹೇಳಿದ ಜೆಸ್ವಿಟ್ ಪಾದ್ರಿ ಜಾರ್ಜ್ ಸೋರೆಸ್-ಪ್ರಭು (1929–1995) ಯೇಸು ದೇವರನ್ನು ಅಪ್ಪನೆಂದು ಕರೆದ ಸಲಿಗೆಯನ್ನು ಸುವಾರ್ತೆಗಳ ಬೇರು ಎಂದು ಗುರುತಿಸಿದರು. ಷರತ್ತಿಲ್ಲದೆ ಪ್ರೀತಿಸಲ್ಪಟ್ಟಿದ್ದೇನೆ ಎಂಬ ಅರಿವು ಮನುಷ್ಯನನ್ನು ಭಯದಿಂದ ಬಿಡಿಸುತ್ತದೆ. ಬಿಡುಗಡೆಯಾದವರು ಸಹಭೋಜನಕ್ಕೆ, ಸಹೋದರತ್ವಕ್ಕೆ ಬರುತ್ತಾರೆ, ಅಲ್ಲಿಂದ ನ್ಯಾಯದ ಹೋರಾಟ ಅನಿವಾರ್ಯವಾಗುತ್ತದೆ ಎಂಬುದು ಅವರ ಸರಣಿ. ಒಳಗಿನ ಅನುಭವವಾಗಿಯೇ ಉಳಿದುಬಿಡುವ ದೈವಪ್ರೇಮದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ.

ಇದೇ ಮಾತನ್ನು ಕಠೋರವಾಗಿ ಹೇಳಿದವರು ಅರವಿಂದ ಪಿ. ನಿರ್ಮಲ್ (1936–1995). ಮಹಾರಾಷ್ಟ್ರದ ದಲಿತ ಕ್ರೈಸ್ತ ಹಿನ್ನೆಲೆಯ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಆರಂಭವಾಯಿತು ಎನ್ನುತ್ತಾರೆ. ಭಾರತೀಯ ಕ್ರೈಸ್ತ ಚಿಂತನೆಯನ್ನು ಕಟ್ಟಿದವರು ಬಹುತೇಕ ಬ್ರಾಹ್ಮಣ ಮತಾಂತರಿಗಳು. ಅವರು ವೇದಾಂತದ ಜೊತೆ ಮಾತಾಡಿದರು, ಚರ್ಚಿನಲ್ಲಿ ಬಹುಸಂಖ್ಯಾತರಾದ ದಲಿತರ ನೋವು ಅವರ ಪುಟಗಳಿಗೆ ಬರಲಿಲ್ಲ ಎಂಬುದು ನಿರ್ಮಲ್ ಅವರ ಆಕ್ಷೇಪ. ಯೆಶಾಯನ ನೊಂದ ಸೇವಕನಲ್ಲಿ ಅವರು ಕಂಡ ದೇವರು ಸೇವೆಯ ಕೆಲಸಕ್ಕೆ ಸ್ವತಃ ಇಳಿದ ದಲಿತ ದೇವರು, ಕಂಬದಂತೆ ನಿಂತು ನೋಡುವವರಲ್ಲ.

ಆಕ್ಷೇಪ ಗೋರೆಯವರಿಗೆ, ಟಿಳಕರಿಗೆ ಬಹುಮಟ್ಟಿಗೆ ತಗಲುತ್ತದೆ. ರಮಾಬಾಯಿಗೆ ಅರ್ಧ ಮಾತ್ರ. ಶಾರದಾ ಸದನದಲ್ಲಿ ಮೇಲ್ಜಾತಿಯ ವಿಧವೆಯರಿಗೆ ತಮ್ಮ ಜಾತಿಯ ಊಟದ ಕಟ್ಟಳೆ ಪಾಲಿಸಲು ಅವಕಾಶವಿತ್ತು, ಅದನ್ನು ರಮಾಬಾಯಿಯೇ ಭರವಸೆ ಕೊಟ್ಟು ನಡೆಸಿಕೊಟ್ಟಿದ್ದರು. ಬರದ ನಂತರ ಕೇಡಗಾಂವ್‌ಗೆ ಬಂದ ಹುಡುಗಿಯರಲ್ಲಿ ಎಲ್ಲ ಜಾತಿಯವರೂ ಇದ್ದರು, ಅಲ್ಲಿ ಆ ಭರವಸೆ ಕೊಡುವ ಅಗತ್ಯ ಅವರಿಗೆ ಕಾಣಲಿಲ್ಲ.